ಇದ್ದ ಊರು ಸಿಗದೆ ಹೋದಾಗ



ಈ ಸಲದ ಕುಲದೇವತೆಯ ಹಬ್ಬಕ್ಕೆ ಕಾಂಗೇಯಂನಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಆಮಂತ್ರಣ ತಲುಪಲಿಲ್ಲ. ‘ತವರಿನವರು ನನ್ನನ್ನು ಮರೆತರೇ?’ ಎಂದು ಅವರು ನೊಂದುಕೊಂಡರೆಂದು ಕೇಳಿದಾಗ ನನಗೆ ತಲೆಯೆತ್ತಲಾಗಲಿಲ್ಲ. ಮರೆತವರು ಯಾರೂ ಇರಲಿಲ್ಲ. ಬಂಧುಗಳ ಹೆಸರು, ವಿಳಾಸಗಳನ್ನು ಕೂಡಿಡಲು ನಮ್ಮ ಅಣ್ಣನ ಮಗನು ಜ್ಯಾಂಗೊ ಎಂಬ ಚೌಕಟ್ಟನ್ನು ಬಳಸಿ ಒಂದು ಜಾಲತಾಣವನ್ನು ಕಟ್ಟಿದ್ದನು. ಅದರಲ್ಲಿ ‘ಕಾಂಗೇಯಂ’ ಎಂದು ಹುಡುಕಿದರೆ, ಪಟ್ಟಿಯಲ್ಲಿ ಊರು ಕಣ್ಣಿಗೆ ಕಾಣುತ್ತಿದ್ದರೂ, ‘ಯಾರೂ ಇಲ್ಲ’ ಎಂಬ ಉತ್ತರವೇ ಬರುತ್ತಿತ್ತು.

ಚೌಕಟ್ಟು ಎಂದರೇನೆಂದು ಹಿರಿಯರು ಕೇಳಬಹುದು. ಬಂದ ಕೋರಿಕೆಯನ್ನು ಓದುವುದು, ದತ್ತಸಂಚಯದಿಂದ ವಿವರ ತೆಗೆಯುವುದು, ಪುಟವನ್ನು ರೂಪಿಸಿ ಕಳುಹಿಸುವುದು ಎಂಬ ಮೂರು ಕೆಲಸಗಳಿಗೆ ಬೇಕಾದುದನ್ನು ಮೊದಲೇ ಅಣಿಮಾಡಿಕೊಡುವ ಸಾಧನವದು. ಜ್ಯಾಂಗೊ 2005ರಲ್ಲಿ ಹೊರಬಂದಿತು. ದೋಷವು ಈ ಮೂರರಲ್ಲಿ ಎಲ್ಲಿದೆಯೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು.

ಕನ್ನಡದ ವಿಷಯದಲ್ಲಿ ದೋಷದ ರೂಪವೇ ಅದರ ನೆಲೆಯನ್ನು ತಿಳಿಸುತ್ತದೆ. ಅಕ್ಷರಗಳ ಬದಲು ಬರಿಯ ಚೌಕಗಳು ಕಂಡರೆ, ನೋಡುವವರ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲವೆಂದು ಅರ್ಥ, ವಿವರಕ್ಕೆ ಹಾನಿಯಿಲ್ಲ. ತಲೆಯ ಮೇಲೆ ಗೆರೆಗಳುಳ್ಳ ಪರಕೀಯ ಅಕ್ಷರಗಳ ಸಾಲು ಕಂಡರೆ, ಯುಟಿಎಫ್-8 ಕ್ರಮದಲ್ಲಿ ಬರೆದುದನ್ನು ಬೇರೊಂದು ಕ್ರಮದಲ್ಲಿ ಓದಲಾಗುತ್ತಿದೆ. ಇದನ್ನು ಸಾಮಾನ್ಯವಾಗಿ ಸರಿಪಡಿಸಬಹುದು. ದತ್ತಸಂಚಯದೊಳಗೇ ಪ್ರಶ್ನಾರ್ಥಕ ಚಿಹ್ನೆಗಳು ತುಂಬಿದ್ದರೆ, ಉಳಿಸುವಾಗಲೇ ಅಕ್ಷರಗಳು ನಷ್ಟವಾಗಿವೆ. ಆಗ ಹೆಸರು ತುಂಬುವುದನ್ನು ಒಡನೆಯೇ ನಿಲ್ಲಿಸಿ, ಸಂಚಯದ ಅಕ್ಷರಕ್ರಮವನ್ನು ತಿದ್ದಿ, ಮೂಲ ಕಾಗದವನ್ನು ನೋಡಿ ಮತ್ತೆ ತುಂಬದೆ ಗತ್ಯಂತರವಿಲ್ಲ.

ನಮ್ಮದು ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಹುಡುಗನು ಹತ್ತು ಕಡೆ ಒಟ್ಟಿಗೆ ತಿದ್ದಿ ಮೂರು ರಾತ್ರಿ ಕಳೆದನು. ಯಾವ ತಿದ್ದುಪಡಿಯಿಂದ ಏನಾಯಿತೆಂಬುದೇ ತಿಳಿಯದಾಯಿತು. ಕೊನೆಗೆ ಎಲ್ಲವನ್ನೂ ಹಿಂದಕ್ಕೆ ಪಡೆದು, ಒಂದೇ ಪರೀಕ್ಷೆ ಮಾಡಿದನು. ತಾನು ಬರೆದ ‘ಕಾಂಗೇಯಂ’ನಲ್ಲಿ ಎಷ್ಟು ಸಂಕೇತಗಳಿವೆಯೆಂದು ಎಣಿಸಿದನು: 7. ಪಟ್ಟಿಯಲ್ಲಿದ್ದುದರಲ್ಲಿ 8!

ಯುನಿಕೋಡ್‌ನಲ್ಲಿ ‘ಗೇ’ ಎಂಬುದನ್ನು ಎರಡು ಬಗೆಯಾಗಿ ಬರೆಯಬಹುದು. ಗಕಾರಕ್ಕೆ ಏತ್ವದ ಒಂದೇ ಸಂಕೇತವನ್ನು ಸೇರಿಸುವುದು ಒಂದು. ಎತ್ವವನ್ನೂ ದೀರ್ಘದ ಗುರುತನ್ನೂ ಬೇರೆ ಬೇರೆಯಾಗಿ ಸೇರಿಸುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಹಳೆಯ ಕಡತದಿಂದ ಪರಿವರ್ತಿಸಿ ತಂದ ಹೆಸರುಗಳೆಲ್ಲ ಎರಡನೆಯ ಬಗೆಯವು. ಹೆಸರನ್ನು ಉಳಿಸುವ ಮುನ್ನವೂ ಹುಡುಕುವ ಮುನ್ನವೂ ‘ಎನ್‌ಎಫ್‌ಸಿ’ ಎಂಬ ಒಂದೇ ರೂಪಕ್ಕೆ ತರುವುದೇ ಪರಿಹಾರ. ಪೈಥಾನ್ ಭಾಷೆಯಲ್ಲಿ ಅದಕ್ಕೆ ಸಿದ್ಧ ಸೌಕರ್ಯವಿದೆ. ಈಗಾಗಲೇ ಉಳಿಸಿದ ಹೆಸರುಗಳನ್ನೂ ಪ್ರತಿಯೊಂದನ್ನು ತೆಗೆದಿಟ್ಟುಕೊಂಡು ಒಮ್ಮೆ ಹಾಗೆಯೇ ಮಾರ್ಪಡಿಸಬೇಕು. ಆದರೆ ‘ಕಾಂಗೇಯಮ್’ ಎಂದು ಮಕಾರವಿಟ್ಟು ಬರೆದುದನ್ನು ಈ ಉಪಾಯವು ಸೇರಿಸಲಾರದು. ಆದ್ದರಿಂದ ಊರಿನ ಹೆಸರನ್ನು ಬರೆಯಿಸದೆ, ಪಟ್ಟಿಯಿಂದಲೇ ಆರಿಸುವಂತೆ ಮಾಡುವುದು ಲೇಸು.

ಹುಡುಗನು ತಾನೇ ಕಾಂಗೇಯಂಗೆ ಹೋಗಿ, ತಪ್ಪೊಪ್ಪಿಕೊಂಡು, ಹಬ್ಬದ ಪ್ರಸಾದವನ್ನು ಕೊಟ್ಟು ಬಂದನು. ‘ಯಂತ್ರ ಇರಲಿ ಮಗು, ಮುಂದಿನ ವರ್ಷ ಒಂದು ಕಾಗದವನ್ನೂ ಬರೆ’ ಎಂದರಂತೆ ಅಜ್ಜಿ.