ಸಾವಿರ ಶಬ್ದಗಳ ಭ್ರಾಂತಿ

ಹೊಸದಾಗಿ ಒಂದು ಭಾಷೆಯನ್ನು ಕಲಿಯಲು ಹೊರಟವನು ಮೊತ್ತಮೊದಲು ಕೇಳುವ ಪ್ರಶ್ನೆಯು "ಎಷ್ಟು ಶಬ್ದಗಳನ್ನು ಕಲಿತರೆ ಸಾಕು?" ಎಂಬುದು. ಪ್ರಶ್ನೆಯು ಸಹಜವಾದುದೇ. ದಾರಿ ನಡೆಯುವವನು ಊರು ಎಷ್ಟು ದೂರವೆಂದು ಕೇಳಿದರೆ ತಪ್ಪೇನು? ತಪ್ಪಿರುವುದು ಉತ್ತರ ಹೇಳುವವರಲ್ಲಿ. "ಸಾವಿರ ಶಬ್ದ ಸಾಕು, ಮೂವತ್ತು ದಿನ ಸಾಕು" ಎಂದು ಕೈಪಿಡಿಗಳನ್ನು ಅಚ್ಚುಹಾಕಿಸಿ ಮಾರುವವರೂ, ಈಚಿನ ವರ್ಷಗಳಲ್ಲಿ ಮೊಬೈಲು ಫೋನಿನ ಮೂಲಕ ಪಾಠ ಹೇಳುವ ವ್ಯಾಪಾರಸ್ಥರೂ ಒಂದೇ ರಾಗವನ್ನು ಹಾಡುತ್ತಿರುವರು. ಪೂರ್ಣ ಸುಳ್ಳಾದರೆ ಜನರು ಬೇಗನೆ ಕಂಡುಹಿಡಿಯುವರು. ಇದು ಅರ್ಧ ಸತ್ಯವಾದುದರಿಂದಲೇ ಬಹುಕಾಲ ಬಾಳಿ ಬಹು ಮಂದಿಯನ್ನು ಕೆಡಿಸುತ್ತಿದೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ನೋಡಬೇಕು. ಯಾವ ಭಾಷೆಯಲ್ಲಿಯೂ ಎಲ್ಲ ಶಬ್ದಗಳೂ ಸಮನಾಗಿ ದುಡಿಯುವುದಿಲ್ಲ. 'ಆಗು', 'ಇರು', 'ಹೋಗು', 'ಅದು', 'ಆದರೆ' ಎಂಬಂಥ ಕೆಲವೇ ಶಬ್ದಗಳು ಹಗಲಿರುಳು ಚಾಕರಿ ಮಾಡುವುವು. ಉಳಿದವು ಹಬ್ಬಕ್ಕೊಮ್ಮೆ ಬರುವ ನೆಂಟರಂತೆ. ಇಂಗ್ಲಿಷಿನಲ್ಲಿ ಅತ್ಯಂತ ಬಳಕೆಯ 2,000 ಶಬ್ದಗಳನ್ನು ಅರಿತವನಿಗೆ ಸಾಧಾರಣ ಬರೆಹದ ನೂರರಲ್ಲಿ ಸುಮಾರು 80 ಶಬ್ದಗಳು ಪರಿಚಿತವಾಗಿರುವುವೆಂದು ಎಣಿಸಿ ನೋಡಿದವರು ಹೇಳಿರುವರು. ಈ ತತ್ತ್ವವನ್ನು ತುದಿಗೊಯ್ದವನು ಸಿ. ಕೆ. ಆಗ್ಡೆನ್ ಎಂಬ ಇಂಗ್ಲಿಷ್ ವಿದ್ವಾಂಸನು. ಆತನು 1930ರಲ್ಲಿ 'ಬೇಸಿಕ್ ಇಂಗ್ಲಿಷ್' ಎಂಬ 850 ಶಬ್ದಗಳ ಪಟ್ಟಿಯನ್ನು ಪ್ರಕಟಿಸಿ, ಲೋಕವ್ಯವಹಾರಕ್ಕೆ ಇಷ್ಟೇ ಸಾಕೆಂದನು. 1943ರಲ್ಲಿ ಚರ್ಚಿಲ್ಲನೂ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾತನಾಡುತ್ತ ಅದನ್ನು ಹೊಗಳಿದನು. ಇಂಥವರು ಹೇಳಿದ ಮೇಲೆ ಸಾಮಾನ್ಯ ವಿದ್ಯಾರ್ಥಿಯು ನಂಬಿದರೆ ಆಶ್ಚರ್ಯವೇನು?

ಆದರೆ ಆ ಪಟ್ಟಿಯ ಒಳಗುಟ್ಟನ್ನು ನೋಡಬೇಕು. ಅದರಲ್ಲಿ ಕ್ರಿಯಾಪದಗಳು ಕೇವಲ 18. ಮಿಕ್ಕ ಕ್ರಿಯೆಗಳನ್ನೆಲ್ಲ 'ಪುಟ್', 'ಗೆಟ್', 'ಟೇಕ್' ಎಂಬ ಸಣ್ಣ ಶಬ್ದಗಳಿಗೆ 'ಅಪ್', 'ಆಫ್', 'ವಿತ್' ಮುಂತಾದವನ್ನು ಅಂಟಿಸಿ ಹೇಳತಕ್ಕುದು. 'ಸಹಿಸು' ಎನ್ನುವುದಕ್ಕೆ 'ಪುಟ್ ಅಪ್ ವಿತ್' ಎಂದಾಯಿತು. ಶಬ್ದ ಒಂದು ಉಳಿಯಿತೆಂದು ಲೆಕ್ಕ ಬರೆದುಕೊಂಡರು. ಆದರೆ ಈ ಮೂರು ತುಂಡುಗಳ ಅರ್ಥವನ್ನು ಬೇರೆ ಬೇರೆಯಾಗಿ ಬಲ್ಲವನು ಅವು ಕೂಡಿದಾಗಿನ ಅರ್ಥವನ್ನು ಎಂದಾದರೂ ಊಹಿಸಬಲ್ಲನೇ? ಕಲಿಯಬೇಕಾದ ಹೊರೆಯು ಕಡಮೆಯಾಗಲಿಲ್ಲ, ಪಟ್ಟಿಯ ಹೊರಗೆ ಬಚ್ಚಿಟ್ಟಿತು. ಬೈಬಲ್ಲನ್ನು ಈ ಭಾಷೆಗೆ ತಿರುಗಿಸಿ 1949ರಲ್ಲಿ ಹೊರತಂದಾಗ, 850ರ ಮೇಲೆ ಇನ್ನೂ 150 ಶಬ್ದಗಳನ್ನು ಸೇರಿಸಬೇಕಾಯಿತು. ಒಂದು ಗ್ರಂಥಕ್ಕೇ ಸಾಲದ ಶಬ್ದರಾಶಿಯು ಲೋಕಕ್ಕೆಲ್ಲ ಸಾಕಾದೀತೆ?

ಕನ್ನಡದಲ್ಲಿಯೂ ಈ ಮೋಸವು ಇದ್ದೇ ಇದೆ. 'ಕೈ' ಎಂಬುದನ್ನೂ 'ಕೊಡು' ಎಂಬುದನ್ನೂ ಮೊದಲನೆಯ ವಾರದಲ್ಲಿಯೇ ಕಲಿತವನಿಗೆ "ನೆಂಟನು ಕೈಕೊಟ್ಟನು" ಎಂದರೆ, ಯಾರೋ ಸಹಾಯ ಮಾಡಿದರೆಂದು ತಿಳಿದು ಸಂತೋಷಪಟ್ಟಾನು! ಕೈಹಿಡಿ, ಕೈಬಿಡು, ಕೈಗೂಡು, ಕೈಹಾಕು, ಕೈತೊಳೆದುಕೊಳ್ಳು ಎಂಬಿವುಗಳಲ್ಲಿ ಒಂದೊಂದಕ್ಕೂ ಒಂದೊಂದು ಬಾಳುವೆಯಿದೆ. ಇವನ್ನೆಲ್ಲ ಪಟ್ಟಿಯವನು ಒಂದೇ 'ಕೈ' ಎಂದು ಎಣಿಸಿ ಮುಂದಕ್ಕೆ ಹೋಗುವನು.

ಇನ್ನು ನೂರಕ್ಕೆ ಎಂಬತ್ತು ಎಂಬ ಮಾತು. ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಬಂದರೆ ಮನೆಯವರು ಸಿಹಿ ಹಂಚುವರು. ಓದಿನಲ್ಲಿ ಎಂಬತ್ತು ಬಂದರೆ ಓದುವವನು ಪುಸ್ತಕವನ್ನು ಮುಚ್ಚಿಡುವನು. 300 ಶಬ್ದಗಳ ಒಂದು ಪುಟದಲ್ಲಿ 60 ಶಬ್ದಗಳು ತಿಳಿಯವೆಂದು ಅದರ ಅರ್ಥ. ಆ ಅರುವತ್ತೇ ವಿಷಯದ ಜೀವಾಳವು. "ಕೆರೆಯ ಏರಿ ಒಡೆದು ಹೋದುದರಿಂದ ಗದ್ದೆಯ ಪೈರೆಲ್ಲ ಕೊಚ್ಚಿ ಹೋಯಿತು" ಎಂಬ ವಾಕ್ಯವನ್ನು ತೆಗೆದುಕೊಳ್ಳಿರಿ. ಬಳಕೆಯ ಶಬ್ದಗಳನ್ನಷ್ಟೇ ಬಲ್ಲವನಿಗೆ ಇದು "ಏನೋ ಒಂದರ ಏನೋ ಹೋದುದರಿಂದ ಏನೋ ಒಂದರ ಏನೋ ಎಲ್ಲ ಹೋಯಿತು" ಎಂದು ಕೇಳಿಸುವುದು. ಯಾರದೋ ಏನೋ ನಷ್ಟವಾಯಿತೆಂಬುದು ತಿಳಿಯಿತು. ಕೆರೆಯೂ ತಿಳಿಯಲಿಲ್ಲ, ಪೈರೂ ತಿಳಿಯಲಿಲ್ಲ, ರೈತನ ದುಃಖವೂ ತಿಳಿಯಲಿಲ್ಲ.

ಇದು ಬರಿಯ ತರ್ಕವಲ್ಲ. 2000ದಲ್ಲಿ ಮಾರ್ಸೆಲ್ಲಾ ಹು ಮತ್ತು ಪಾಲ್ ನೇಷನ್ ಎಂಬವರು, ಕಥೆಯೊಂದರಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಅರ್ಥವಿಲ್ಲದ ಶಬ್ದಗಳನ್ನಿರಿಸಿ ಇಂಗ್ಲಿಷ್ ಕಲಿಯುವವರಿಂದ ಓದಿಸಿ ಪರೀಕ್ಷಿಸಿದರು. ನೂರಕ್ಕೆ 80 ಮಾತ್ರ ತಿಳಿದಿದ್ದಾಗ ಕಥೆಯನ್ನು ತಕ್ಕಷ್ಟು ಗ್ರಹಿಸಿದವನು ಒಬ್ಬನೂ ಇರಲಿಲ್ಲ. ಇನ್ನೊಬ್ಬರ ನೆರವಿಲ್ಲದೆ ಓದಬೇಕಾದರೆ ನೂರಕ್ಕೆ 98ರಷ್ಟು ಶಬ್ದಗಳು ತಿಳಿದಿರಬೇಕೆಂದು ಅವರು ತೀರ್ಮಾನಿಸಿದರು. ಹಾಗಾದರೆ ಎಷ್ಟು ಕಲಿಯಬೇಕು? ಪಾಲ್ ನೇಷನ್ನರು 2006ರಲ್ಲಿ ಕೊಟ್ಟ ಲೆಕ್ಕದಂತೆ ಇಂಗ್ಲಿಷಿನಲ್ಲಿ ಓದಿಗೆ 8,000ದಿಂದ 9,000, ಕೇಳ್ಮೆಗೆ 6,000ದಿಂದ 7,000 ಶಬ್ದಕುಟುಂಬಗಳು ಬೇಕು. ಕುಟುಂಬವೆಂದರೆ ಒಂದು ಮೂಲಶಬ್ದವೂ ಅದರಿಂದ ಹುಟ್ಟಿದ ರೂಪಗಳೂ ಸೇರಿ ಒಂದು. ಸಾವಿರವೆಲ್ಲಿ, ಎಂಟು ಸಾವಿರ ಮನೆತನಗಳೆಲ್ಲಿ!

ಆದರೂ ಈ ಇಂಗ್ಲಿಷಿನ ಅಂಕಿಗಳನ್ನು ತಂದು ಕನ್ನಡದ ಕೊರಳಿಗೆ ಕಟ್ಟುವುದು ಇನ್ನೊಂದು ತಪ್ಪು. ಕನ್ನಡದಲ್ಲಿ ಒಂದು ಶಬ್ದವೆಂದರೆ ಯಾವುದು? 'ಮಾಡು' ಎಂಬ ಒಂದು ಧಾತುವಿನಿಂದ ಮಾಡಿದನು, ಮಾಡಿಸಿದಳು, ಮಾಡದಿದ್ದರೆ, ಮಾಡಬೇಕಾಗಿದ್ದರೂ ಎಂದು ಹೊರಡುವ ಸಂತಾನಕ್ಕೆ ಕೊನೆಯಿಲ್ಲ. ಅವನ್ನು ಬಿಡಿಸಬಲ್ಲವನಿಗೆ ಒಂದೇ ಶಬ್ದ. ಬಿಡಿಸಲಾರದವನಿಗೆ ನೂರು ಶಬ್ದ. ಮೇಲಾಗಿ ಕನ್ನಡಕ್ಕೆ ಎರಡು ಉಗ್ರಾಣಗಳುಂಟು. ಮನೆಯಲ್ಲಿ ನೀರು, ಊರಾಚೆ ಜಲಾಶಯ. ಒಲೆಯಲ್ಲಿ ಬೆಂಕಿ, ಅದು ಹತ್ತಿಕೊಂಡರೆ ಬರುವುದು ಅಗ್ನಿಶಾಮಕ ದಳ. ಹಿಂದಿಯವನಿಗೂ ಮರಾಠಿಯವನಿಗೂ ಈ ಎರಡನೆಯ ಉಗ್ರಾಣದ ಬೀಗದ ಕೈ ಆಗಲೇ ಸೊಂಟದಲ್ಲಿರುವುದು. ಜರ್ಮನಿಯಿಂದ ಬಂದವನಿಗೆ ಎರಡು ಬಾಗಿಲುಗಳೂ ಹೊಸವು. ಕಲಿಯುವವನು ಯಾರು, ಏತಕ್ಕಾಗಿ ಕಲಿಯುವನು ಎಂದು ಕೇಳದೆ ಎಲ್ಲರಿಗೂ ಒಂದೇ ಸಂಖ್ಯೆಯನ್ನು ಹೇಳುವವನು, ರೋಗಿಯನ್ನು ನೋಡದೆ ಮದ್ದು ಕೊಡುವ ವೈದ್ಯನಿಗೆ ಸಮಾನನು. ಐರೋಪ್ಯ ಪರಿಷತ್ತು 2001ರಲ್ಲಿ ಭಾಷಾಕಲಿಕೆಗೆ ಆರು ಹಂತಗಳನ್ನು ಗೊತ್ತುಮಾಡಿದಾಗ, ಕಲಿತವನು ಏನೇನು ಮಾಡಬಲ್ಲನೆಂಬುದನ್ನೇ ಅಳತೆಯಾಗಿಟ್ಟಿತು; ಹಂತಕ್ಕಿಷ್ಟು ಶಬ್ದವೆಂದು ಎಣಿಸಲಿಲ್ಲ. ಅದು ವಿವೇಕವಾದ ಮಾರ್ಗ.

ಇದನ್ನು ಕೇಳಿ ಪಂಡಿತರು ಹಿಗ್ಗಬೇಕಾದುದಿಲ್ಲ. "ಹಾಗಾದರೆ ಕೋಶವನ್ನೇ ಬಾಯಿಪಾಠ ಮಾಡಿಸೋಣ" ಎಂಬುದು ಅದೇ ರೋಗದ ಮತ್ತೊಂದು ಮುಖ. ತಾವರೆಗೆ ಹತ್ತಾರು ಹೆಸರುಗಳನ್ನು ಒಪ್ಪಿಸಬಲ್ಲ ಹುಡುಗನಿಗೆ ಅಂಗಡಿಯಲ್ಲಿ ಕೊತ್ತಂಬರಿಯನ್ನು ಕೇಳಲು ಬಾರದಿದ್ದರೆ, ಆ ವಿದ್ಯೆಯಿಂದ ಏನು ಫಲ? ಕಿಟ್ಟೆಲರು 1894ರಲ್ಲಿ ಹೊರತಂದ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅವರಾದರೂ ಶಬ್ದಪಟ್ಟಿಯನ್ನು ಉರುಹೊಡೆದು ಕನ್ನಡವನ್ನು ಕಲಿತವರಲ್ಲ. 1853ರಲ್ಲಿ ಈ ದೇಶಕ್ಕೆ ಬಂದ ಆ ಜರ್ಮನ್ ಮಿಷನರಿಯು ಜನರ ಬಾಯಿಂದ ಗಾದೆಗಳನ್ನು ಕೂಡಿಸಿದರು, ಹಳಗನ್ನಡದ ವ್ಯಾಕರಣವನ್ನೂ ಛಂದಸ್ಸನ್ನೂ ಓದಿ ಅಚ್ಚುಹಾಕಿಸಿದರು. ನಿಘಂಟು ಅವರ ಕಲಿಕೆಯ ಫಲವಾಗಿ ಬಂದಿತೇ ಹೊರತು ಕಲಿಕೆಯ ಸಾಧನವಾಗಿ ಅಲ್ಲ.

ಹಾಗಾದರೆ ಸಿದ್ಧಾಂತವೇನು? ಮೊದಲನೆಯ ಒಂದೆರಡು ಸಾವಿರ ಶಬ್ದಗಳನ್ನು ಪ್ರಯತ್ನಪೂರ್ವಕವಾಗಿ ಕಲಿಯಲೇಬೇಕು. ಅದಕ್ಕೆ ಪಟ್ಟಿಯು ಸಹಾಯಕವೇ ಸರಿ. ಆದರೆ ಅದು ಹೊಸಲು, ಮನೆಯಲ್ಲ. ಒಳಗಿನ ಆರೇಳು ಸಾವಿರವು ಬರುವುದು ಓದಿನಿಂದಲೂ ಸಹವಾಸದಿಂದಲೂ ಮಾತ್ರ. ಹೊಸಲಿಗೂ ಒಳಮನೆಗೂ ನಡುವೆ ಮೆಟ್ಟಲುಗಳು ಬೇಕು. ಢಾಕಾ ನಗರದಲ್ಲಿ ಅಧ್ಯಾಪಕರನ್ನು ತರಬೇತುಗೊಳಿಸುತ್ತಿದ್ದ ಮೈಕೇಲ್ ವೆಸ್ಟ್ ಎಂಬಾತನು ಬಂಗಾಳದ ಹುಡುಗರಿಗಾಗಿ ಇಂಗ್ಲಿಷ್ ವಾಚನಪುಸ್ತಕಗಳನ್ನು ಬರೆದಾಗ, ಹೊಸ ಶಬ್ದಗಳನ್ನು ದೂರದೂರವಾಗಿಟ್ಟು, ಒಮ್ಮೆ ಬಂದುದನ್ನು ಮತ್ತೆ ಮತ್ತೆ ಬರಿಸಿ, ಹಂತಹಂತವಾಗಿ ಮೇಲಕ್ಕೆ ಕರೆದೊಯ್ದನು. 1953ರಲ್ಲಿ ಸುಮಾರು 2,000 ಶಬ್ದಗಳ ಪಟ್ಟಿಯನ್ನು ಪ್ರಕಟಿಸಿದವನೂ ಆತನೇ. ಆತನಿಗೆ ಪಟ್ಟಿಯು ಪುಸ್ತಕ ಬರೆಯುವವನ ಅಳತೆಗೋಲು. ವ್ಯಾಪಾರಸ್ಥರಿಗಾದರೋ ಪಟ್ಟಿಯೇ ಸರಕು. ಕನ್ನಡದಲ್ಲಿ ಮಕ್ಕಳ ಕಥೆಯಿಂದ ಒಮ್ಮೆಗೇ ಕಾದಂಬರಿಗೆ ಹಾರೆಂದರೆ, ದೊಡ್ಡವನಾದ ಕಲಿಕೆಗಾರನು ಹಾರಲಾರದೆ ನಿಂತುಬಿಡುವನು. ಅವನ ವಯಸ್ಸಿಗೆ ತಕ್ಕ ವಿಷಯವನ್ನು ಅವನ ಶಬ್ದಬಲಕ್ಕೆ ತಕ್ಕ ಮಾತಿನಲ್ಲಿ ಹೇಳುವ ಪುಸ್ತಕಗಳನ್ನು ಬರೆಯಿಸುವುದು ಜಿಲ್ಲೆಯ ಸಾಹಿತ್ಯ ಸಂಘಗಳ ಮೊದಲ ಕರ್ತವ್ಯವಲ್ಲವೇ?

ಎರಡನೆಯ ಕರ್ತವ್ಯವು ವಾಚಕರ ಮನೆಗಳಿಗೇ ಸೇರಿದುದು. ಬೇರೆ ಪ್ರಾಂತದಿಂದ ಬಂದ ನೆರೆಯವನು ನಾಲ್ಕು ಶಬ್ದಗಳನ್ನು ಜೋಡಿಸಿ "ಇವತ್ತು ನೀರು ಬರುವುದಾ?" ಎಂದು ತಡವರಿಸಿ ಕೇಳಿದೊಡನೆ, ಸುಶಿಕ್ಷಿತರಾದ ಗೃಹಸ್ಥರು ಅವನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವರು. ಇದನ್ನು ಸೌಜನ್ಯವೆಂದು ಅವರು ಭಾವಿಸುವರು. ನಿಜವಾಗಿ ಅದು ಕದವನ್ನು ಮುಚ್ಚುವ ಕೆಲಸ. ಅವನು ಹತ್ತು ವರ್ಷ ಆ ಬೀದಿಯಲ್ಲಿ ಬಾಳಿದರೂ 'ಎಷ್ಟು', 'ಬೇಡ', 'ಸ್ವಲ್ಪ' ಎಂಬ ಹೊಸಲಿನ ಮೇಲೆಯೇ ಇರುವನು. ಆಮೇಲೆ ಅದೇ ಗೃಹಸ್ಥರು "ಇವರಿಗೆ ಕನ್ನಡದ ಅಭಿಮಾನವಿಲ್ಲ" ಎಂದು ಸಭೆಗಳಲ್ಲಿ ಗುಡುಗುವರು! ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಸುತ್ತಣ ಜನರು ಅವರೊಡನೆ ತುಂಬು ಕನ್ನಡವನ್ನಾಡದೆ ಲೆಕ್ಕದ ಮಾತುಗಳಲ್ಲಿಯೇ ವ್ಯವಹರಿಸಿದ್ದರೆ ಕನ್ನಡಕ್ಕೆ ಆಗುತ್ತಿದ್ದ ನಷ್ಟವೆಷ್ಟು!

ಪರಕೀಯರ ಮಾತು ಹಾಗಿರಲಿ. ಕನ್ನಡದ ಮನೆಗಳಲ್ಲಿಯೇ ಹುಟ್ಟಿದ ಮಕ್ಕಳ ಗತಿಯೇನು? "ಊಟ ಮಾಡು, ಬೇಗ ಏಳು, ಗಲಾಟೆ ಬೇಡ" ಎಂಬಷ್ಟರಲ್ಲಿ ತಾಯ್ನುಡಿಯು ಮುಗಿದು, ಯೋಚನೆಯ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುವ ಮನೆಗಳು ಹೆಚ್ಚುತ್ತಿವೆ. ಅಂಥ ಮನೆಯ ಮಗುವಿಗೆ ಸಾವಿರ ಶಬ್ದಗಳ ಕನ್ನಡವು ಯಾವ ಕೈಪಿಡಿಯೂ ಇಲ್ಲದೆಯೇ ಸಿದ್ಧಿಸಿರುವುದು. ಒಂದು ಕಥೆಯನ್ನು ತಾನಾಗಿ ಓದುವ ಶಕ್ತಿ ಮಾತ್ರ ಸಿದ್ಧಿಸಿರುವುದಿಲ್ಲ. ಸಾವಿರ ಶಬ್ದ ಸಾಕೆಂಬ ವಾದದ ನಿಜವಾದ ಪರೀಕ್ಷೆಯು ಹೀಗೆ ವಾಚಕರ ಪಡಸಾಲೆಯಲ್ಲಿಯೇ ನಡೆಯುತ್ತಿದೆ, ಫಲವೂ ಅಲ್ಲಿಯೇ ಕಾಣುತ್ತಿದೆ.

ಆದುದರಿಂದ "ಎಷ್ಟು ಶಬ್ದಗಳು ಸಾಕು?" ಎಂದು ಕೇಳಿದವನಿಗೆ ಪ್ರಾಮಾಣಿಕನು ಕೊಡತಕ್ಕ ಉತ್ತರವು ಇದು: ಬೇಡಿ ತೆಗೆದುಕೊಳ್ಳಲು ನೂರು ಸಾಕು, ಬೀದಿಯಲ್ಲಿ ಓಡಾಡಲು ಸಾವಿರ ಸಾಕು; ಇನ್ನೊಬ್ಬರ ಸುಖದುಃಖಗಳನ್ನು ಅವರ ಮಾತಿನಲ್ಲಿಯೇ ತಿಳಿಯಲು ಹಲವು ಸಾವಿರ ಬೇಕು. ಅವು ಅಂಗಡಿಯಲ್ಲಿ ಸಿಕ್ಕುವುದಿಲ್ಲ, ಮೂವತ್ತು ದಿನಗಳಲ್ಲಿಯೂ ಸಿಕ್ಕುವುದಿಲ್ಲ. ಕಲಿಯುವವನು ಓದಬೇಕು, ಬಲ್ಲವರು ಬರೆಯಬೇಕು, ಮನೆಯವರು ಮಾತನಾಡಬೇಕು. ಈ ಮೂವರಲ್ಲಿ ಒಬ್ಬರು ತಪ್ಪಿದರೂ ಉಳಿದಿಬ್ಬರ ಶ್ರಮವು ವ್ಯರ್ಥವಾಗುವುದು.