ಸಂಘದ ಪೆಟ್ಟಿಗೆಗೆ ಬೀಳುವ ಸಣ್ಣ ದುಡ್ಡು

ಧನಸಹಾಯಕ್ಕೆ ಅರ್ಜಿ ಕರೆದರು ಅಂದರೆ ಸಾಕು, ಬಿಡಿ ಸುದ್ದಿಗಾರರಾದ ನಮ್ಮ ಫೋನಿಗೆ ಬಿಡುವಿರುವುದಿಲ್ಲ. "ಸಾರ್, ನಮ್ ಸಂಘದ್ದು ಒಂದ್ ಚಿಕ್ಕ ಸುದ್ದಿ ಹಾಕ್ಸಿಕೊಡಿ. ಫೈಲಿಗೆ ಪೇಪರ್ ಕಟಿಂಗ್ ಬೇಕಂತೆ." ಯುವಕ ಸಂಘ, ಕಂಸಾಳೆ ತಂಡ, ಮಹಿಳಾ ಮಂಡಳಿ, ಯಾರಾದರೂ ಅಷ್ಟೆ. ನೋಂದಣಿ ಪತ್ರ, ಆಡಿಟ್ ವರದಿ, ಪ್ಯಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸು, ಕಾರ್ಯಕ್ರಮದ ಫೋಟೊ ಎಲ್ಲ ಜೋಡಿಸಿದ ಮೇಲೂ ಸಂಘ ನಿಜವಾಗಿ ಇದೆ ಅನ್ನುವುದಕ್ಕೆ ಪತ್ರಿಕೆಯ ತುಣುಕು ಬೇಕು. ಇಡೀ ಊರು ಕಣ್ಣಾರೆ ಕಂಡ ಸಂಘಕ್ಕೆ ನಾವು ಬರೆದ ನಾಲ್ಕು ಸಾಲೇ ಸಾಕ್ಷಿ!

ಸುದ್ದಿ ನಾವು ಬರೆದು ಕಳಿಸುತ್ತೇವೆ, ಜಾಗ ಇದ್ದರೆ ಡೆಸ್ಕಿನವರು ಹಾಕುತ್ತಾರೆ. ನಮಗೆ ಬೇಜಾರಾಗುವುದು ಅದಕ್ಕಲ್ಲ. ಸಣ್ಣ ಮೊತ್ತಕ್ಕೆ ಸಂಘದ ಪದಾಧಿಕಾರಿಗಳು ಮೈಸೂರಿಗೆ ಎಷ್ಟು ಸಲ ಓಡಾಡುತ್ತಾರೆ ಅನ್ನುವುದು ನಮಗೆ ಗೊತ್ತು. ಒಂದು ದಿನ ಸಾಹೇಬರು ಮೀಟಿಂಗಿನಲ್ಲಿ, ಇನ್ನೊಂದು ದಿನ ಸರ್ವರ್ ಡೌನು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಚಾರ್ಜು ಉಳಿದಿದೆ, ಆ ದಿನದ ಕೂಲಿ ಉಳಿದಿಲ್ಲ. ಕೊನೆಗೆ ಮಾರ್ಚ್ ಹತ್ತಿರ ಬಂದಾಗ ದುಡ್ಡು ಬಂತು ಅಂತಿಟ್ಟುಕೊಳ್ಳಿ, ಅದು ಹೋಗುವುದು ಶಾಮಿಯಾನಕ್ಕೆ, ಮೈಕ್‌ಸೆಟ್ಟಿಗೆ, ಹಾರ-ಶಾಲಿಗೆ, ಊಟಕ್ಕೆ. ಕಂಸಾಳೆ ತಂಡಕ್ಕೆ ಬೇಕಿದ್ದದ್ದು ಎರಡು ಜೊತೆ ಹೊಸ ಕಂಸಾಳೆ ಮತ್ತು ಹುಡುಗರಿಗೆ ಕಲಿಸುವ ಹಿರಿಯರಿಗೆ ತಿಂಗಳಿಗಿಷ್ಟು ಅಂತ ಒಂದು ಗೌರವಧನ. ಸಿಕ್ಕಿದ್ದು ಒಂದು ರಾತ್ರಿಯ ವೇದಿಕೆ. ಬೆಳಗಾದರೆ ಪೆಟ್ಟಿಗೆ ಮತ್ತೆ ಖಾಲಿ.

ಹಾಗಂತ ಸಣ್ಣ ಅನುದಾನವೇ ದಂಡ ಅನ್ನುವವರ ಜೊತೆ ನಾವಿಲ್ಲ. ಸಣ್ಣ ದುಡ್ಡು ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಅನ್ನುವುದಕ್ಕೆ ದೇಶದಲ್ಲೇ ದೊಡ್ಡ ಉದಾಹರಣೆ ನಮ್ಮ ಕರ್ನಾಟಕದ್ದು, ಅದೂ ಮೈಸೂರಿನ ಹೆಸರು ಹೊತ್ತ ಸಂಸ್ಥೆಯದು. ಇವತ್ತು ವಾರವಾರ ಸಂಘ ಸೇರುವ ಎಷ್ಟೋ ಅಕ್ಕಂದಿರಿಗೆ ಈ ಕತೆ ಯಾರೂ ಹೇಳಿಲ್ಲ.

ಬೈಲಕುಪ್ಪೆ ಕಡೆ ಹೋದವರಿಗೆ ಟಿಬೆಟನ್ನರ ನೆಲೆ ಗೊತ್ತು. ಹಾಗೆ ಬಂದ ಟಿಬೆಟ್ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಲು 1968ರಲ್ಲಿ ಶುರುವಾದ ಸಂಸ್ಥೆ ಮೈರಾಡ. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಅನ್ನುವುದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು ಸೇರಿ ಆ ಹೆಸರು. ಆ ಕೆಲಸ ಮುಗಿಯುತ್ತಾ ಬಂದಂತೆ ಸಂಸ್ಥೆ ಬಡ ರೈತರ, ಕೂಲಿಕಾರರ ಊರುಗಳತ್ತ ತಿರುಗಿತು. ನಮ್ಮ ಎಚ್.ಡಿ. ಕೋಟೆಯಲ್ಲೂ ಅದರ ಕೆಲಸ ನಡೆದಿದೆ.

ಮೈರಾಡ ಮೊದಲು ಕಟ್ಟಿಸಿದ್ದು ದೊಡ್ಡ ಸಹಕಾರ ಸಂಘಗಳನ್ನು. 1980ರ ದಶಕದ ನಡುವಿನ ಹೊತ್ತಿಗೆ ಅವು ಒಡೆದುಹೋದವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ನಮ್ಮ ಕಡೆಯ ಸೊಸೈಟಿಗಳ ರಾಜಕೀಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆಮೇಲೆ ನಡೆದದ್ದು ವಿಶೇಷ. ಸದಸ್ಯರು ಸಾಲ ಮುಳುಗಿಸಿ ಸುಮ್ಮನಾಗಲಿಲ್ಲ. ಹತ್ತು-ಹದಿನೈದು ಜನ ಒಬ್ಬರನ್ನೊಬ್ಬರು ನಂಬುವವರು ಗುಂಪು ಗುಂಪಾಗಿ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ಸೊಸೈಟಿಗೆ ಕಟ್ಟುವುದಿಲ್ಲ, ನಿಮಗೇ ಕಟ್ಟುತ್ತೇವೆ ಅಂದರು. ನಮಗೂ ಬೇಡ, ನಿಮ್ಮ ಗುಂಪಿನಲ್ಲೇ ಇಟ್ಟುಕೊಂಡು ನೀವೇ ನಡೆಸಿ ಅಂದಿತು ಮೈರಾಡ. ಸಭೆ ಹೇಗೆ ನಡೆಸಬೇಕು, ನಡಾವಳಿ ಹೇಗೆ ಬರೆಯಬೇಕು, ಲೆಕ್ಕ ಹೇಗಿಡಬೇಕು ಅನ್ನುವುದನ್ನಷ್ಟೇ ಕಲಿಸಿತು. 1986-87ರ ಹೊತ್ತಿಗೆ ಇಂಥ ಸುಮಾರು 300 ಗುಂಪುಗಳಾಗಿದ್ದವು.

ಅನುದಾನ ಬಂದದ್ದು ಆಮೇಲೆ. 1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಗುಂಪುಗಳಿಗೆ ತರಬೇತಿ ಕೊಡುವುದು, ಅವು ತಾವೇ ಉಳಿಸಿದ ದುಡ್ಡಿಗೆ ಅಷ್ಟೇ ದುಡ್ಡು ಸೇರಿಸುವುದು, ಇದಕ್ಕಾಗಿ. ಯಾರಿಗೆ ಸಾಲ, ಯಾಕೆ ಸಾಲ, ಬಡ್ಡಿ ಎಷ್ಟು, ತಪ್ಪಿದರೆ ದಂಡವೆಷ್ಟು ಎಲ್ಲವನ್ನೂ ಗುಂಪೇ ತೀರ್ಮಾನಿಸುತ್ತಿತ್ತು. ಹಸುವಿಗೋ, ಮಗಳ ಬಾಣಂತನಕ್ಕೋ, ಕಿರಾಣಿ ಅಂಗಡಿಯ ಬಾಕಿಗೋ ಅಂತ ಮೇಲಿನಿಂದ ಯಾರೂ ಪಟ್ಟಿ ಕೊಡಲಿಲ್ಲ. ಈ ಅನುಭವ ನೋಡಿ 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಉಳಿತಾಯದ ಸಮಕ್ಕೆ ಸಾಲ, ನಡವಳಿಕೆ ಚೆನ್ನಾಗಿದ್ದರೆ ನಾಲ್ಕು ಪಟ್ಟಿನವರೆಗೆ, ಅಡಮಾನ ಇಲ್ಲ. ನೋಂದಣಿ ಇಲ್ಲದ ಗುಂಪೂ ಉಳಿತಾಯ ಖಾತೆ ತೆರೆಯಬಹುದು ಅಂತ ರಿಸರ್ವ್ ಬ್ಯಾಂಕ್ 1993ರಲ್ಲಿ ಹೇಳಿತು. ಗುಂಪಿಗೆ ಯಾಕೆ 20ಕ್ಕಿಂತ ಹೆಚ್ಚು ಜನ ಬೇಡ ಅನ್ನುತ್ತಾರೆ ಅಂತ ಕೆಲವರು ಕೇಳುತ್ತಿರುತ್ತಾರೆ. 20 ಮೀರಿದರೆ ನೋಂದಣಿ ಆಗಲೇಬೇಕು ಅನ್ನುವ ಅಂದಿನ ಕಂಪನಿ ಕಾಯ್ದೆಯ ಷರತ್ತು ಅದಕ್ಕೆ ಕಾರಣ. ಜೊತೆಗೆ 20 ಜನಕ್ಕಿಂತ ಹೆಚ್ಚಾದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ, ಅದು ಬೇರೆ ಮಾತು.

ಈ ಕತೆಯಲ್ಲಿ ಮೊದಲು ಬಂದದ್ದು ಗುಂಪು, ಆಮೇಲೆ ಉಳಿತಾಯ ಮತ್ತು ನಿಯಮ, ಕೊನೆಗೆ ಅನುದಾನ. ಇವತ್ತು ಎಷ್ಟೋ ಕಡೆ ಉಲ್ಟಾ ಆಗಿದೆ. ಯೋಜನೆ ಬಂತು, ಸಂಘ ಮಾಡಿ ಅನ್ನುತ್ತಾರೆ. ಸಂಘ ಮಾಡಿದ ವಾರದಲ್ಲೇ "ಎಷ್ಟು ಬತ್ತದೆ?" ಅನ್ನುವ ಪ್ರಶ್ನೆ ಶುರು. ಯಾವ ದುಡ್ಡಿಗಾಗಿ ಹುಟ್ಟಿತೋ ಆ ದುಡ್ಡು ಖರ್ಚಾದ ದಿನವೇ ಅಂಥ ಸಂಘಕ್ಕೂ ತಿಥಿ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಊರೂರಲ್ಲಿ ಗುಂಪುಗಳಾದವು, 5,000 ರೂಪಾಯಿ ಸುತ್ತುನಿಧಿ ಬಂತು. ಅವುಗಳಲ್ಲಿ ಇವತ್ತಿಗೂ ಗಟ್ಟಿಯಾಗಿರುವುದು ಯಾವುದು ಅಂತ ನಿಮ್ಮೂರಲ್ಲೇ ವಿಚಾರಿಸಿ. ಆ 5,000ವನ್ನು ಹಂಚಿಕೊಂಡವರ ಗುಂಪು ಆಗಿರಲಾರದು.

ಈಗ ನಮ್ಮ ರಾಜ್ಯದಲ್ಲಿ ಸಂಜೀವಿನಿ ಹೆಸರಿನಲ್ಲಿ ನಡೆಯುವ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿ ಗುಂಪಿಗೆ 20,000ದಿಂದ 30,000 ರೂಪಾಯಿ ಸುತ್ತುನಿಧಿ ಇದೆ. ಮೊದಲು ಇದು 10,000ದಿಂದ 15,000 ಇತ್ತು. ಮೈಸೂರು ನಗರದ ಬಡಾವಣೆಗಳ ಗುಂಪುಗಳಿಗೆ ನಗರ ಜೀವನೋಪಾಯ ಅಭಿಯಾನದಲ್ಲಿ ಇದ್ದದ್ದು 10,000 ಮಾತ್ರ, ಆ ಮಟ್ಟಿಗೆ ಹಳ್ಳಿಯವರೇ ವಾಸಿ. ಸುತ್ತುನಿಧಿ ಗುಂಪು ವಾಪಸ್ ಕಟ್ಟಬೇಕಾದ ಸಾಲವಲ್ಲ. ಇದಲ್ಲದೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಸಮುದಾಯ ಬಂಡವಾಳ ನಿಧಿ ಬರುತ್ತದೆ. ಒಂದು ಗುಂಪಿಗೆ ಗರಿಷ್ಠ 2.5 ಲಕ್ಷದ ಲೆಕ್ಕದಲ್ಲಿ ಬರುವ ಈ ದುಡ್ಡನ್ನು ಒಕ್ಕೂಟ ಗುಂಪುಗಳಿಗೆ ಸಾಲವಾಗಿ ಕೊಡುತ್ತದೆ, ಅದು ಒಕ್ಕೂಟಕ್ಕೇ ವಾಪಸ್ ಬರುತ್ತದೆ. ಅಂದರೆ ಸರ್ಕಾರಕ್ಕೆ ಹೋಗುವುದಿಲ್ಲ, ನಿಮ್ಮ ಪಂಚಾಯಿತಿಯಲ್ಲೇ ಸುತ್ತುತ್ತದೆ.

ಒಂದು ಲೆಕ್ಕ ಹಾಕೋಣ. 12 ಜನರ ಗುಂಪಿಗೆ 20,000 ಬಂತು. ಹಂಚಿಕೊಂಡರೆ ತಲೆಗೆ 1,666 ರೂಪಾಯಿ, ಒಂದು ಹಬ್ಬಕ್ಕೂ ಸಾಲದು. ಅದೇ ದುಡ್ಡನ್ನು ಇಬ್ಬರಿಗೆ ತಲಾ 10,000 ಸಾಲ ಕೊಟ್ಟು, ತಿಂಗಳಿಗೆ ಸಾವಿರದಂತೆ ಹತ್ತು ತಿಂಗಳಲ್ಲಿ ಕಟ್ಟಿಸಿಕೊಂಡು, ಮತ್ತಿಬ್ಬರಿಗೆ ಕೊಟ್ಟರೆ ಐದು ವರ್ಷದಲ್ಲಿ ಹನ್ನೆರಡು ಜನರಿಗೂ ಹತ್ತು ಹತ್ತು ಸಾವಿರ ಸಿಕ್ಕಿರುತ್ತದೆ. 20,000 ದುಡಿದದ್ದು 1,20,000ದ ಕೆಲಸ, ಅಸಲು ಹಾಗೇ ಇದೆ, ಮೇಲೆ ಬಡ್ಡಿ ಬೇರೆ. ಗುಂಪಿನ ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಅಂತಿದ್ದರೆ 10,000ಕ್ಕೆ ಮೊದಲ ತಿಂಗಳ ಬಡ್ಡಿ 100 ರೂಪಾಯಿ, ಅದೂ ನಿಮ್ಮದೇ ಪೆಟ್ಟಿಗೆಗೆ. ನೂರಕ್ಕೆ ಐದರಂತೆ ಕೈಸಾಲ ತಂದರೆ 500, ಅದು ಬೇರೆಯವರ ಜೇಬಿಗೆ. ಇದರ ಜೊತೆಗೆ ಪ್ರತಿಯೊಬ್ಬರೂ ವಾರಕ್ಕೆ 50 ರೂಪಾಯಿ ಕಟ್ಟಿದರೆ ವರ್ಷಕ್ಕೆ 31,200. ಸರ್ಕಾರ ಕೊಟ್ಟದ್ದಕ್ಕಿಂತ ನೀವು ಕೂಡಿಟ್ಟದ್ದೇ ಹೆಚ್ಚು!

ಕೆಲವರು ಹೇಳುತ್ತಾರೆ, ಈಗ ಗೃಹಲಕ್ಷ್ಮಿ ಬರುತ್ತದಲ್ಲ, ಸಂಘದ ಚಿಲ್ಲರೆ ದುಡ್ಡು ಯಾರಿಗೆ ಬೇಕು ಅಂತ. 2023ರ ಆಗಸ್ಟ್ 30ರಂದು ಆ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ತಿಂಗಳಿಗೆ 2,000 ಸಣ್ಣದಲ್ಲ, ಅದರಿಂದಲೇ ಸಂಘದ ಉಳಿತಾಯ ಕಟ್ಟುವ ಅಕ್ಕಂದಿರೂ ಇದ್ದಾರೆ. ಆದರೆ ಅದು ಒಂದೊಂದು ಮನೆಗೆ ಬರುವ ದುಡ್ಡು. ರಾತ್ರಿ ಹತ್ತು ಗಂಟೆಗೆ ಯಾರಿಗೋ ಎದೆನೋವು ಬಂದಾಗ ಒಟ್ಟಿಗೆ ಹತ್ತು ಸಾವಿರ ಬೇಕಲ್ಲ, ಅದು ಸಂಘದ ಪೆಟ್ಟಿಗೆಯಲ್ಲೇ ಇರಬೇಕು.

ಆ ಪೆಟ್ಟಿಗೆ ಖಾಲಿ ಇದ್ದರೆ ಏನಾಗುತ್ತದೆ ಅನ್ನುವುದನ್ನು ನಾವು ನೋಡಿಯಾಯಿತು. ಬೈಕಿನಲ್ಲಿ ಮೈಕ್ರೋಫೈನಾನ್ಸಿನವರು ಬರುತ್ತಾರೆ. ಆಧಾರ್ ಕೊಡಿ, ಗುಂಪಾಗಿ ಕೂತು ಫೋಟೊ ತೆಗೆಸಿಕೊಳ್ಳಿ, ಸಂಜೆಗೆ ದುಡ್ಡು. ಹೆಸರಿಗೆ ಅದೂ ಗುಂಪೇ. ಆದರೆ ಅಲ್ಲಿ ಉಳಿತಾಯವಿಲ್ಲ, ಬಡ್ಡಿ ನಿರ್ಧರಿಸುವುದು ಗುಂಪಲ್ಲ, ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಮನೆ ಮುಂದೆ ಕೂರಬೇಕು. ಮೈರಾಡದ ಕಾಲದಲ್ಲಿ ಒಬ್ಬರನ್ನೊಬ್ಬರು ನಂಬಿ ಕೂತವರ ಗುಂಪು, ಇಲ್ಲಿ ಒಬ್ಬರನ್ನೊಬ್ಬರು ಕಾಯುವ ಗುಂಪಾಯಿತು. ಒಂದನ್ನು ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು. 2025ರ ಶುರುವಿನಲ್ಲಿ ನಂಜನಗೂಡು, ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳು ಬಂದವು. ಫೆಬ್ರುವರಿ 12ರಂದು ಸರ್ಕಾರ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ವಸೂಲಿಗೆ ಬಂದವನನ್ನು ತಡೆಯುವ ಕಾನೂನು ಬಂದರೂ, ಸಾಲಕ್ಕೆ ಹೋಗಬೇಕಾದ ಅವಳ ಕಷ್ಟ ಹಾಗೇ ಇದೆ.

ನಾವು ಹೀಗೆಲ್ಲ ಮಾತಾಡಿದರೆ ಕಚೇರಿಗಳಲ್ಲಿ ಸಿಗುವ ಉತ್ತರ ಒಂದೇ. "ಕಾಗದ ಕೇಳದೆ ಕೊಟ್ರೆ ನುಂಗಿ ಹಾಕ್ತಾರೆ ಸ್ವಾಮಿ." ನುಂಗುವವರು ಇದ್ದಾರೆ, ಸುಳ್ಳಲ್ಲ. ಹತ್ತು ವರ್ಷದಿಂದ ಅದೇ ಅಧ್ಯಕ್ಷೆ, ಅದೇ ಕಾರ್ಯದರ್ಶಿ, ಪುಸ್ತಕ ಅವರ ಮನೆಯ ಬೀರುವಿನಲ್ಲಿ, ಉಳಿದವರದು ಹೆಬ್ಬೆಟ್ಟು ಮಾತ್ರ. ಅಂಥ ಸಂಘಗಳನ್ನು ನಾವೂ ಬಲ್ಲೆವು. ಆದರೆ ಅವುಗಳ ಫೈಲು ನೋಡಿ, ಎಲ್ಲರಿಗಿಂತ ಅಚ್ಚುಕಟ್ಟಾಗಿರುತ್ತದೆ! ಬಿಲ್ಲು, ಫೋಟೊ, ಆಡಿಟ್ಟು, ಪೇಪರ್ ಕಟಿಂಗು ಯಾವುದಕ್ಕೂ ಕೊರತೆಯಿಲ್ಲ. ಕಾಗದ ಜೋಡಿಸಲು ಬರದೆ ಹಿಂದೆ ಉಳಿಯುವುದು ನಿಯತ್ತಿನ ಗುಂಪುಗಳೇ. ದೊಡ್ಡ ಮೊತ್ತಕ್ಕೆ ಆಡಿಟ್ಟು ಕೇಳಲಿ, ಕೇಳಲೇಬೇಕು. ಇಪ್ಪತ್ತು ಸಾವಿರಕ್ಕೆ ಗುಂಪಿನ ವಾರದ ಸಭೆಯಲ್ಲಿ ಲೆಕ್ಕ ಜೋರಾಗಿ ಓದಿ ಹೇಳುವುದು, ಗ್ರಾಮಸಭೆಯಲ್ಲಿ ಒಂದು ಹಾಳೆ ಮಂಡಿಸುವುದು ಇವೆರಡೇ ಸಾಕು ಅಂತ ನಮ್ಮ ಅಭಿಪ್ರಾಯ. ಆರುನೂರು ರೂಪಾಯಿಯ ಬೀಜಕ್ಕೆ ಜಿಎಸ್‌ಟಿ ಬಿಲ್ಲು ಕೇಳುವವರಿಗೆ ಸಂತೆಯ ಪರಿಚಯವಿಲ್ಲ. ಆ ದುಡ್ಡು ನಿಜವಾಗಿ ಬೀಜಕ್ಕೆ ಹೋಯಿತೋ ಇಲ್ಲವೋ ಅನ್ನುವುದು ಪಕ್ಕದ ಮನೆಯವಳಿಗೆ ಗೊತ್ತಿರುತ್ತದೆ.

ಲೆಕ್ಕ ಬರೆಯುವವರ ತರಬೇತಿಯದೂ ಒಂದು ಮಾತಿದೆ. ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯೇ ಇದೆ, ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಅನಿಸಿಕೊಂಡ ಸಚಿವರ ಹೆಸರು. ತರಬೇತಿ ಸಾಮಾನ್ಯವಾಗಿ ಸಿಗುವುದು ಒಕ್ಕೂಟದ ಪದಾಧಿಕಾರಿಗಳಿಗೆ, ಪುಸ್ತಕ ಬರೆಯುವ ಎಂಬಿಕೆಗೆ. ಗುಂಪಿನ ಮೂಲೆಯಲ್ಲಿ ಕೂರುವ ಸದಸ್ಯೆಗೂ ತನ್ನ ಪಾಸ್‌ಬುಕ್ಕಿನ ಕೊನೆಯ ಸಾಲು ಓದಲು ಬರಬೇಕು. 1987ರ ಆ 10 ಲಕ್ಷದಲ್ಲಿ ತರಬೇತಿಗೂ ಪಾಲಿತ್ತು ಅನ್ನುವುದನ್ನು ಈಗಿನವರು ಮರೆತಂತಿದೆ.

ಇನ್ನು ನೀವು ಮಾಡಬಹುದಾದದ್ದು. ನಿಮ್ಮ ಗುಂಪಿನ ಸಭೆಯಲ್ಲಿ ಮೊದಲು ಕೇಳಿ, ನಮಗೆ ಸುತ್ತುನಿಧಿ ಬಂದಿದೆಯೇ, ಯಾವ ತಾರೀಖು, ಈಗ ಅದು ಯಾರ ಕೈಯಲ್ಲಿ ಸುತ್ತುತ್ತಿದೆ. ವಾರದ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ಈ ಐದನ್ನು ಸರಿಯಾಗಿ ನಡೆಸಿದ್ದೂ ಬಂದಿಲ್ಲವೆಂದರೆ ಒಕ್ಕೂಟದಲ್ಲಿ ಕೇಳಿ. ಒಕ್ಕೂಟದ ಸಭೆಗೆ ಹೋಗುವವರು ಸಮುದಾಯ ಬಂಡವಾಳ ನಿಧಿ ಒಟ್ಟು ಎಷ್ಟು ಬಂದಿದೆ, ಯಾವ ಯಾವ ಗುಂಪಿಗೆ ಎಷ್ಟು ಹೋಗಿದೆ, ಎಷ್ಟು ವಾಪಸ್ ಬಂದಿದೆ ಅನ್ನುವುದನ್ನು ಬರೆಸಿ, ಪಂಚಾಯಿತಿ ಗೋಡೆಗೆ ಅಂಟಿಸಲು ಹೇಳಿ. ಕೇಳಿದವರನ್ನು ಜಗಳಗಂಟಿ ಅನ್ನಬಹುದು, ಇಬ್ಬರು ಮೂವರು ಒಟ್ಟಿಗೆ ಹೋಗಿ. ಆಗಲೂ ಉತ್ತರ ಬರದಿದ್ದರೆ ತಾಲ್ಲೂಕು ಪಂಚಾಯಿತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು ನಮಗೂ ಕಳಿಸಿ. ಆ ಸುದ್ದಿಯನ್ನು ಯಾರ ಫೈಲಿಗೂ ಅಲ್ಲದೆ ಬರೆಯುತ್ತೇವೆ.