ಆತ್ಮಕ್ಕೆ ಮಾತ್ರ ಬಿಡುಗಡೆಯೇ?

"ದೇಹಕ್ಕೆ ಕಷ್ಟ ಬಂದರೇನಮ್ಮ, ಆತ್ಮಕ್ಕೆ ಕ್ರಿಸ್ತನಲ್ಲಿ ಬಿಡುಗಡೆ ಸಿಕ್ಕಿದೆಯಲ್ಲ. ಶಿಲುಬೆ ಅಂತ ಹೊತ್ತುಕೋ." ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳಿಗೆ ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಹೇಳಿದ ಬುದ್ಧಿಮಾತಿದು. ತವರಿನವರೂ ತಲೆದೂಗಿದರು. ಪಕ್ಕದಲ್ಲೇ ನಿಂತಿದ್ದ ನನಗೆ ಸಿಟ್ಟು ಬಂದದ್ದು ಅವರ ಮೇಲಷ್ಟೇ ಅಲ್ಲ. ಇಪ್ಪತ್ತೈದು ವರ್ಷದ ಹಿಂದೆ, ನಿಟ್ಟೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಅತ್ತ ಗೆಳತಿಯೊಬ್ಬಳಿಗೆ ನಾನೂ ಇದನ್ನೇ ಹೇಳಿ, ಕಾಫಿ ಕೊಟ್ಟು, ಸಂಜೆಯ ಬಸ್ಸು ಹತ್ತಿಸಿದ್ದೆ.

ನಮ್ಮ ಗುಬ್ಬಿಗೆ ವೆಸ್ಲಿಯನ್ ಮಿಷನ್ ಬಂದದ್ದು 1837ರಲ್ಲಿ. ಬಿಡುಗಡೆ ಎಂಬ ಮಾತು ಈ ಸೀಮೆಯ ಕಿವಿಗೆ ಹೊಸದಲ್ಲ. ಆದರೆ ಅದನ್ನು ಎದೆಯೊಳಗೆ ಮಾತ್ರ ಬಚ್ಚಿಡುವ ಒಡವೆ ಮಾಡಿದವರು ಯಾರು? ಯೇಸುವಂತೂ ಅಲ್ಲ. ಲೂಕನ ಸುವಾರ್ತೆಯ 13ನೆಯ ಅಧ್ಯಾಯ ತೆಗೆದು ನೋಡಿ. ಹದಿನೆಂಟು ವರ್ಷ ನಡು ಬಗ್ಗಿಯೇ ಇದ್ದ ಹೆಂಗಸು. ನಿನ್ನ ಆತ್ಮ ನೆಟ್ಟಗಿದೆ, ಸಮಾಧಾನದಿಂದಿರು ಎಂದು ಆತ ಹೇಳಿ ಕಳಿಸಲಿಲ್ಲ. ಕೈಯಿಟ್ಟು ಬೆನ್ನು ನೆಟ್ಟಗೆ ಮಾಡಿದ. ಸಬ್ಬತ್ ದಿನ ಇದೇನೆಂದು ಸಭಾಮಂದಿರದ ಅಧಿಕಾರಿ ರೇಗಿದಾಗ, ಎತ್ತು ಕತ್ತೆಗಳನ್ನು ಬಿಚ್ಚಿ ನೀರಿಗೆ ಒಯ್ಯುತ್ತೀರಲ್ಲ, ಇವಳ ಕಟ್ಟು ಬಿಚ್ಚಬಾರದೇ ಎಂದು ಕೇಳಿದ. ದನ ಸಾಕಿದ ನಮ್ಮೂರ ಜನಕ್ಕೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಗಂಡನಿಗೆ ಅಧೀನಳಾಗಿರಬೇಕೆಂದು ಪೌಲನೇ ಬರೆದಿದ್ದಾನಲ್ಲ ಎನ್ನುತ್ತಾರೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಅದಿದೆ, ನಿಜ. ಅದಕ್ಕೆ ಮೊದಲೇ ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಬೇಕೆಂದಿದೆ. ಅನಂತರ, ಗಂಡನಾದವನು ಹೆಂಡತಿಯನ್ನು ತನ್ನ ದೇಹದಂತೆ ಪ್ರೀತಿಸಬೇಕೆಂದಿದೆ. ಆ ಮಾತುಗಳ ಮೇಲೆ ನಾನು ಪ್ರಸಂಗ ಕೇಳಿದ್ದು ಕಡಿಮೆ. ಕ್ರಿಸ್ತ ಬಿಡಿಸಿದ ಮೇಲೆ ಮತ್ತೆ ನೊಗಕ್ಕೆ ಕತ್ತು ಕೊಡಬೇಡಿ ಎಂದು ಗಲಾತ್ಯದವರಿಗೆ ಬುದ್ಧಿ ಹೇಳಿದವನೂ ಇದೇ ಪೌಲ. ಬಿಡುಗಡೆಯೆಂದರೆ ಮನಸ್ಸು ಬಂದಂತೆ ನಡೆಯುವುದಲ್ಲ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡುವುದು ಎಂದೂ ಆತ ಹೇಳುತ್ತಾನೆ. ಒಪ್ಪಿದೆ. ಆದರೆ ಹೆದರಿ ಮಾಡಿದ್ದು ಸೇವೆಯಲ್ಲ, ಜೀತ. ಶಿಲುಬೆಯೂ ಹಾಗೆಯೇ. ಯೇಸು ಅದನ್ನು ತಾನಾಗಿ ಒಪ್ಪಿಕೊಂಡ. ಇನ್ನೊಬ್ಬಳ ಹೆಗಲಿಗೆ ಅದನ್ನು ಎತ್ತಿಡುವ ನಾವು ರೋಮಿನ ಸೈನಿಕರ ಸಾಲಿಗೆ ಸೇರುತ್ತೇವೆ.

ಕಾನೂನೂ ಬಹುಕಾಲ ನಮ್ಮ ಹಿರಿಯರ ಪಕ್ಷವೇ. 1869ರ ವಿಚ್ಛೇದನ ಕಾಯಿದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಗೆ ಮಾತ್ರ ಗಂಡನ ಹಿಂಸೆಯೊಂದೇ ಸಾಲುತ್ತಿರಲಿಲ್ಲ. ಜೊತೆಗೆ ಅವನ ವ್ಯಭಿಚಾರವನ್ನೂ ರುಜುವಾತು ಮಾಡಬೇಕಿತ್ತು. ಇದು ಹೋದದ್ದು 2001ರ ತಿದ್ದುಪಡಿಯಲ್ಲಿ. 132 ವರ್ಷ! 2013ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಹೆಣ್ಣುಮಗಳೊಬ್ಬರು ಬಿಷಪ್ ಕೂಡ ಆದರು. ಬದಲಾಗದೆ ಉಳಿದದ್ದು ನಮ್ಮ ಬುದ್ಧಿಮಾತು.

ಬೇರೆ ಮತದ ಅಕ್ಕತಂಗಿಯರೇ, ಇದು ಕ್ರೈಸ್ತರ ಮನೆಯ ಮಾತೆಂದು ಪುಟ ತಿರುವಬೇಡಿ. ನಾವು ಶಿಲುಬೆ ಅಂದದ್ದಕ್ಕೆ ನಿಮ್ಮ ಮನೆಯಲ್ಲಿ ಹಣೆಬರಹ ಅನ್ನುತ್ತಾರೆ, ಅಷ್ಟೇ.

ಹಾಗಾದರೆ ಕ್ಷಮೆ ಬೇಡವೇ? ಬೇಕು. ಆದರೆ ಕ್ಷಮಿಸುವುದಕ್ಕಾಗಿ ಮರಳಿ ಹೋಗಿ ಏಟು ತಿನ್ನಬೇಕಿಲ್ಲ.

ಆ ಭಾನುವಾರ ಅವಳನ್ನು ನನ್ನ ಜೊತೆಗೇ ನಿಟ್ಟೂರಿಗೆ ಕರೆತಂದೆ. ಎಂಟು ದಿನ ಇದ್ದಳು. ಮುಂದೇನೆಂಬುದನ್ನು ಅವಳೇ ತೀರ್ಮಾನಿಸಲೆಂದು ಬಿಟ್ಟೆ. ಈ ಸಲ ಬುದ್ಧಿ ಹೇಳಲಿಲ್ಲ. ಅಂದು ಬಸ್ಸು ಹತ್ತಿಸಿದ ಗೆಳತಿಯ ಮುಂದೆ ಹೋಗಿ ನಿಲ್ಲುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.